ಕೋರ್ಟು ಏಳುವ ತನಕ

ನನ್ನ ತಮ್ಮನನ್ನು ಕೊಂದವನು ಅದಕ್ಕೂ ಮೊದಲು ಎಷ್ಟೋ ಕಾಲದಿಂದ ದಿನಾ ಸಂಜೆ ನಮ್ಮ ತವರುಮನೆಗೆ ಬರುತ್ತಿದ್ದ. ಟಿವಿಯಲ್ಲಿ. ಅವನು ಧಾರಾವಾಹಿಯ ನಟ, ಒಂದೆರಡು ಸಿನಿಮಾಗಳಲ್ಲಿ ನಾಯಕನೂ ಆದವನು. ಧಾರಾವಾಹಿಯಲ್ಲಿ ಅವನದು ತಾಯಿಯ ಮಾತು ಮೀರದ ಮಗನ ಪಾತ್ರ. ಬೈರಿದೇವರಕೊಪ್ಪದ ಮನೆಯಲ್ಲಿ ಅವ್ವ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಮೆಂತ್ಯೆಸೊಪ್ಪು ಸೋಸುತ್ತ ಅವನ ಮುಂದೆ ಕೂಡುತ್ತಿದ್ದಳು. ಅವನು ತಾಯಿಯ ಕಾಲು ಒತ್ತುವ ದೃಶ್ಯ ಬಂದರೆ ನನ್ನ ತಮ್ಮನ ಕಡೆ ತಿರುಗಿ, "ನೋಡು, ಮಗಾ ಅಂದ್ರ ಹಂಗಿರಬೇಕು" ಅನ್ನುವಳು. ತಮ್ಮ ಊಟದ ತಾಟಿನಿಂದ ತಲೆ ಎತ್ತದೆ, "ಅಂವಗ ಕಾಲ ಒತ್ತಾಕ ಪಗಾರ ಕೊಡ್ತಾರಬೇ" ಅನ್ನುವನು. ಎಲ್ಲರೂ ನಗುತ್ತಿದ್ದೆವು.

ತಮ್ಮ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನು ನಡೆಸುತ್ತಿದ್ದ. ನಾನು ಮದುವೆಯಾಗಿ ಧಾರವಾಡಕ್ಕೆ ಬಂದವಳು, ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ದಿನ ಆ ನಟ ಧಾರವಾಡಕ್ಕೆ ಒಂದು ಸೀರೆ ಅಂಗಡಿ ಉದ್ಘಾಟನೆಗೆ ಬಂದಿದ್ದ. ನನ್ನ ಕ್ಲಾಸಿನ ಹುಡುಗಿಯರು, "ಟೀಚರ್, ಅರ್ಧಾ ದಿನ ಸೂಟಿ ಕೊಡ್ರಿ, ನೋಡಿ ಬರ್ತೀವಿ" ಎಂದು ಗಂಟು ಬಿದ್ದಿದ್ದರು. ನನ್ನ ನಾಲಿಗೆ ಮೊದಲೇ ಹರಿತ. "ಅಂವ ಏನ್ ನಿಮ್ಮ ಪರೀಕ್ಷಿ ಬರೀತಾನೇನು?" ಎಂದು ಗದರಿಸಿ ಕೂಡಿಸಿದ್ದೆ.

ಅಂಗಡಿಯ ಕೆಲಸ ಮುಗಿದ ಮೇಲೆ ಬೈಪಾಸ್ ಹತ್ತಿರದ ಹೋಟೆಲೊಂದರಲ್ಲಿ ಅವನಿಗೂ ಅವನ ಮಂದಿಗೂ ಊಟ ಇತ್ತು. ಊಟ ಅಂದರೆ ಬರೀ ಊಟವಲ್ಲ. ಎದ್ದು ಹೊರಗೆ ಬಂದಾಗ ಅವನ ಡ್ರೈವರ್ ಕೈ ಮುಗಿದು ಬೇಡವೆಂದರೂ ಕೇಳದೆ ತಾನೇ ಸ್ಟೇರಿಂಗ್ ಹಿಡಿದನಂತೆ. ಇನ್ನೂ ಬಿಸಿಲಿತ್ತು. ತಮ್ಮನ ಪಾಳಿ ಮುಗಿದಿತ್ತು, ತನ್ನ ಗಾಡಿಯ ಮೇಲೆ ರಸ್ತೆಯ ಎಡಬದಿ ಹಿಡಿದು ಮನೆಗೆ ಬರುತ್ತಿದ್ದ. ನಟನ ಕಾರು ಹಿಂದಿನಿಂದ ಬಂದು ಹೊಡೆಯಿತು. ಕಬ್ಬಿನ ಹಾಲಿನ ಅಂಗಡಿಯವನೊಬ್ಬ ಎಲ್ಲವನ್ನೂ ಕಣ್ಣಾರೆ ಕಂಡಿದ್ದ. ನಟ ಕಾರಿನಿಂದ ಇಳಿದು ನಿಲ್ಲಲಾರದೆ ಬಾನೆಟ್ಟಿಗೆ ಒರಗಿದ್ದನ್ನೂ ಅವನೇ ಕಂಡವನು.

ಟಿವಿಯಲ್ಲಿ ಆ ಸುದ್ದಿ ಹೇಗೆ ಬಂತು ಗೊತ್ತೇನು? ಜನಪ್ರಿಯ ನಟನ ಕಾರು ಅಪಘಾತ, ಕೂದಲೆಳೆಯಲ್ಲಿ ಪಾರು. ಪಾರಾದವನದೇ ಸುದ್ದಿ. ನನ್ನ ತಮ್ಮ ಕೊನೆಗೆ ಒಂದು ಸಾಲಿನಲ್ಲಿ ಬಂದ, 'ಬೈಕ್ ಸವಾರ' ಎಂದು. ಅವ್ವ ಆ ಹೊತ್ತಿಗೆ ಟಿವಿ ಹಚ್ಚಿಕೊಂಡೇ ಕೂತಿದ್ದಳು. ಆ ನಟನಿಗೆ ಏನೂ ಆಗದಿರಲಿ ಎಂದು ದೇವರಿಗೆ ಕೈ ಮುಗಿದಳಂತೆ. ಅದಾದ ಸ್ವಲ್ಪ ಹೊತ್ತಿಗೆ ವರ್ಕ್‌ಶಾಪಿನಿಂದ ಮಂದಿ ಬಂದರು. ಇದನ್ನು ಅವ್ವ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಬೇರೆ ಕಡೆ ಮುಖ ಮಾಡಿಕೊಂಡು.

ಪೊಲೀಸರು ಅವನನ್ನು ನೇರ ಠಾಣೆಗೆ ಒಯ್ಯಲಿಲ್ಲ. ಎದೆ ನೋವು ಎಂದ, ಖಾಸಗಿ ಆಸ್ಪತ್ರೆಯೊಂದರಲ್ಲಿ ಮಲಗಿದ. ಕುಡಿದಿದ್ದಾನೋ ಇಲ್ಲವೋ ಎಂದು ನೋಡಲು ರಕ್ತ ತೆಗೆದದ್ದು ಮರುದಿನ, ಅವನು ನಿದ್ದೆ ಮಾಡಿ, ಸ್ನಾನ ಮಾಡಿ, ತಿಂಡಿ ತಿಂದ ಮೇಲೆ. ಆ ರಕ್ತದಲ್ಲಿ ಏನು ಉಳಿದಿರುತ್ತದೆ? ಸಂಜೆಯ ಹೊತ್ತಿಗೆ ಜಾಮೀನೂ ಸಿಕ್ಕಿತು.

ನಮ್ಮ ತವರಿನ ಓಣಿಯಲ್ಲೇ ಒಬ್ಬ ಟೆಂಪೊ ಡ್ರೈವರ್ ಇದ್ದಾನೆ. ಅದರ ಹಿಂದಿನ ವರ್ಷ ಅವನೂ ಕುಡಿದು ಗಾಡಿ ಹೊಡೆದು ಒಬ್ಬ ಮುದುಕನ ಕಾಲು ಮುರಿದಿದ್ದ. ಜನ ಅವನನ್ನು ಅಲ್ಲೇ ಹಿಡಿದು ಬಡಿದರು, ಪೊಲೀಸರು ಬಾಯಿಗೆ ಯಂತ್ರ ಇಟ್ಟು ಊದಿಸಿದರು, ನಿಂತ ಕಾಲ ಮೇಲೆ ಎಲ್ಲ ಆಯಿತು. ಅವನು ಜೈಲಿಗೆ ಹೋದ, ಲೈಸನ್ಸೂ ಹೋಯಿತು. ತಪ್ಪು ಮಾಡಿದ್ದ, ಹೋದ, ಅದರಲ್ಲಿ ನನಗೆ ತಕರಾರಿಲ್ಲ. ಅವನ ಹೆಂಡತಿ ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಮಕ್ಕಳನ್ನು ಸಾಕಿದಳು. ತಮ್ಮ ಹೋದಾಗ ಆಕೆ ಬಂದು ಅವ್ವನ ಹತ್ತಿರ ಬಹಳ ಹೊತ್ತು ಕೂತಿದ್ದಳು. ಹೋಗುವಾಗ, "ಅವಂಗೂ ನಮ್ಮವರಿಗಾದಂಗ ಆಕ್ಕೈತಿ ಬಿಡ್ರಿ ಅತ್ತಿ. ಕಾನೂನ ಎಲ್ಲಾರಿಗೂ ಒಂದಽ ಅಲ್ರೀ?" ಎಂದಳು.

ಅವ್ವ ಆ ಮಾತನ್ನು ಹಿಡಿದುಕೊಂಡಳು. ಅವಳಿಗೆ ಬೇಕಾದದ್ದು ಅಷ್ಟೇ. ಅವನು ಹಾಳಾಗಲಿ ಎಂದು ಶಾಪ ಹಾಕಲಿಲ್ಲ, ಕೈಕಾಲು ಮುರಿಯಲಿ ಎನ್ನಲಿಲ್ಲ. "ಎಲ್ಲಾರಂಗ ಅಂವನೂ ಒಳಗ ಹೋಗಿ ಕೂಡಬೇಕು. ನನ್ನ ಮಗಂದು ಒಂದ ಜೀವಾಽ ಆಗಿತ್ತು ಅಂತ ಅಂವಗ ಗೊತ್ತಾಗಬೇಕು" ಎಂದಳು. ಅಪ್ಪ ಹತ್ತಿ ಪೇಟೆಯಲ್ಲಿ ದುಡಿದು ಹಣ್ಣಾದವರು, ಮೊದಲೇ ಮಾತು ಕಡಿಮೆ, ಮಗ ಹೋದ ಮೇಲೆ ಅದೂ ಇಲ್ಲ. ತಮ್ಮನ ಹೆಂಡತಿ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೀಗಾಗಿ ಪೊಲೀಸ್ ಠಾಣೆ, ವಕೀಲರು, ಓಡಾಟ ಎಲ್ಲ ನನ್ನ ಮತ್ತು ಅವ್ವನ ಪಾಲಿಗೆ ಬಂತು.

ತಮ್ಮನ ಸಾವಿನ ಕಾರ್ಯ, ಶಿವಗಣಾರಾಧನೆ ಮುಗಿದ ಮರುದಿನ ಅವನೇ ನಮ್ಮ ಮನೆಗೆ ಬಂದ.

ಮೊದಲೇ ಹೇಳಿ ಕಳಿಸಿದ್ದರೆ ನಾನು ಬಾಗಿಲು ಹಾಕಿಸುತ್ತಿದ್ದೆ. ಹೇಳದೆ ಬಂದ. ಓಣಿಯ ಬಾಯಲ್ಲಿ ದೊಡ್ಡ ಕಾರು ನಿಂತಿತು, ಹುಡುಗರು ಓಡಿ ಬಂದರು, ಮಹಡಿಗಳ ಮೇಲೆ ಹೆಂಗಸರು ನಿಂತರು. ಮುಂದೆ ಅವನ ಮ್ಯಾನೇಜರ್, ನಡುವೆ ಅವನು, ಹಿಂದೆ ಅವನ ಹೆಂಡತಿ. ಬಿಳಿ ಅಂಗಿ ಹಾಕಿಕೊಂಡಿದ್ದ, ಗಡ್ಡ ಬಿಟ್ಟಿದ್ದ. ಟಿವಿಯಲ್ಲಿ ಕಂಡದ್ದಕ್ಕಿಂತ ಸಣ್ಣವನು. ಒಳಗೆ ಬಂದವನೇ ಬಗ್ಗಿ ಅವ್ವನ ಕಾಲು ಮುಟ್ಟಿದ. "ಅಮ್ಮಾ, ನಾನೂ ನಿಮ್ಮ ಮಗ ಅಂತ ತಿಳ್ಕೊಳ್ಳಿ. ಏನು ಬೇಕಾದರೂ ಕೇಳಿ. ವಿಧಿ ಹೀಗೆ ಬರೆದಿತ್ತು" ಎಂದ. ಆ ದನಿ ನಮ್ಮ ಮನೆಯ ಗೋಡೆಗಳಿಗೆಲ್ಲ ಪರಿಚಯದ್ದು. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ನೀರು ಸಹ ಕೊಡಲಿಲ್ಲ. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ ನೀರು ಇಡದ ಮನೆ ಇಲ್ಲ, ಅವತ್ತು ಅವ್ವ ಇಡಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಆ ದುಃಖದಲ್ಲೂ ಎದೆ ಉಬ್ಬಿತು.

ಆಮೇಲೆ ಅವನ ಹೆಂಡತಿ ಬಾಗಿಲ ಹತ್ತಿರದಿಂದ ಮುಂದೆ ಬಂದಳು. ಸೆರಗು ಸರಿದಾಗ ಗೊತ್ತಾಯಿತು, ಹುಡುಗಿ ಬಸುರಿ. ಏಳು ತಿಂಗಳಾದರೂ ಆಗಿರಬೇಕು. ಮುಖ ಬಾಡಿತ್ತು, ಹಣೆಯ ಮೇಲೆ ಬೆವರು. ಆ ಹುಡುಗಿ ನಾಟಕ ಮಾಡುತ್ತಿರಲಿಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಎಲ್ಲಿ ನಿಲ್ಲಬೇಕು, ಎಲ್ಲಿ ನೋಡಬೇಕು ತಿಳಿಯದೆ ನಿಂತಿದ್ದಳು. ಅವ್ವ ನನ್ನ ಕಿವಿಯ ಹತ್ತಿರ, "ಇಂಥಾ ಹೊತ್ತಿನ್ಯಾಗ ಬಸುರಿನ್ನ ಯಾಕ ಕರಕೊಂಡ ಬಂದಾರವಾ, ಬುದ್ಧಿ ಇಲ್ಲೇನು ಇವಕ್ಕ" ಎಂದಳು. ಆಕೆಗೆ ಕೂಡಲು ಚಾಪೆ ಹಾಸಿದಳು, ನೀರು ತಂದುಕೊಟ್ಟಳು. ಆ ಹುಡುಗಿಗೆ ಮಾತ್ರ.

ಅವರು ಹೊರಟು ನಿಂತಾಗ ಅವ್ವ ಅಡ್ಡ ಬಂದಳು. "ನಿಂದರ ತಂಗಿ" ಎಂದು ಒಳಗೆ ಹೋದಳು. ನನಗೆ ಆಗಲೇ ಅರ್ಥವಾಯಿತು. ಹಿಂದೆಯೇ ಹೋಗಿ ಕೈ ಹಿಡಿದೆ. "ಯವ್ವಾ, ಬ್ಯಾಡ. ತಲಿ ಕೆಟ್ಟೈತೇನು ನಿನಗ? ಯಾರ ಹೆಂಡ್ತಿ ಅಕಿ, ಗೊತ್ತೈತಿಲ್ಲೋ?" ಎಂದೆ.

"ಬಸುರಿ ಹೆಣ್ಮಗಳನ್ನ ಬರೀ ಉಡಿಲೆ ಹೊಚ್ಚಲಾ ದಾಟಸಬಾರದವಾ" ಎಂದಳು ಅವ್ವ. "ಅದರಾಗ ಗಂಡಂದೇನೈತಿ? ಹೊಟ್ಯಾಗಿನ ಕೂಸ ಏನ್ ಮಾಡೇತಿ?"

ಮೊರದಲ್ಲಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣಬೇರು, ಎಲೆಅಡಿಕೆ, ಬೆಲ್ಲದ ಹಳಕು. ಕುಬಸದ ಖಣ ಕೋಣೆಯ ಪೆಟ್ಟಿಗೆಯಲ್ಲಿತ್ತು. ಕೋಣೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಯಾರೂ ಕೇಳದೆಯೇ ಒಳಗೆ ಹೋಗಿ ಒಂದು ಖಣ ತಂದು ಅವ್ವನ ಕೈಯಲ್ಲಿಟ್ಟಳು, ಮತ್ತೆ ಒಳಗೆ ಹೋದಳು. ಅದು ಅವಳದೇ ಖಣ, ಹಬ್ಬಕ್ಕೆ ಹೊಲಿಸಿಕೊಳ್ಳಬೇಕೆಂದು ಇಟ್ಟದ್ದು.

ಅವ್ವ ಆ ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂಡಿಸಿ, ಕುಂಕುಮ ಹಚ್ಚಿ, ಸೆರಗಿನಲ್ಲಿ ಉಡಿ ತುಂಬಿದಳು. ಬೆಂಗಳೂರಿನ ಹುಡುಗಿಗೆ ಅದೇನೆಂದೇ ಗೊತ್ತಿರಲಿಲ್ಲ, ಸೆರಗು ಹಿಡಿಯಲೂ ಬರಲಿಲ್ಲ. ಅವ್ವನೇ ಅವಳ ಕೈಗಳನ್ನು ಜೋಡಿಸಿ ಹಿಡಿಸಿದಳು. ಹುಡುಗಿ ಗಳಗಳ ಅತ್ತುಬಿಟ್ಟಳು. ಅವ್ವನ ಕೈ ಅವಳ ತಲೆಯ ಮೇಲೆ ಹೋಯಿತು. ಆ ಹೊತ್ತಿಗೆ ನಟ ಬಂದು ಹೆಂಡತಿಯ ಪಕ್ಕ ಕೂತ, ಕೈ ಮುಗಿದ, ತಲೆ ತಗ್ಗಿಸಿದ. ಮ್ಯಾನೇಜರ್ ಮೊಬೈಲ್ ಎತ್ತಿ ಹಿಡಿದಿದ್ದ. ನಾನು ಅದನ್ನು ಕಸಿದುಕೊಳ್ಳಲು ಹೋದೆ, ಅಪ್ಪ ನನ್ನ ಹೆಸರು ಹಿಡಿದು ಒಮ್ಮೆ ಕರೆದರು. ನಿಂತೆ.

ಸಂಜೆಯೊಳಗೆ ಆ ಫೋಟೊ ಎಲ್ಲರ ಫೋನಿನಲ್ಲಿತ್ತು. 'ಮಗನನ್ನು ಕಳೆದುಕೊಂಡ ತಾಯಿಯ ಕ್ಷಮೆ' ಎಂದು ಕೆಳಗೆ ಬರೆದಿದ್ದರು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹ, "ಭಾಳ ದೊಡ್ಡ ಮನಸ್ಸ ನಿಮ್ಮವ್ವಾರದು" ಎಂದರು ಒಬ್ಬರು. ಇನ್ನೊಬ್ಬರು, "ಹೋದಾವ್ರು ಹೋದ್ರು, ಇರಾವ್ರಽರೆ ಛಲೋ ಇರ್ಲಿ" ಎಂದರು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೋದಾಗ ಬಂದು ಇದೇ ಮಾತು ಹೇಳುತ್ತೇನೆ ಎಂದುಬಿಟ್ಟೆ. ಅದಾದ ಮೇಲೆ ನನ್ನ ಜೊತೆ ಆ ವಿಷಯ ಯಾರೂ ಎತ್ತಲಿಲ್ಲ. ಟೆಂಪೊ ಡ್ರೈವರನ ಹೆಂಡತಿ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು. ತನ್ನ ಗಂಡ ಒಳಗಿದ್ದಾಗ ಯಾರೂ ತನಗೆ ಕುಂಕುಮ ಹಚ್ಚಿ ಕರೆಯಲಿಲ್ಲ ಎಂದು ಅವಳಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನಿದೆ?

ಅವ್ವನಿಗೆ ಫೋಟೊ ತೋರಿಸಿದವಳು ನಾನೇ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ನಾ ಅಕಿ ಉಡಿ ತುಂಬೇನಿ, ಅವಂದೇನ್ ತುಂಬಿಲ್ಲಲ್ಲ" ಎಂದಳು. "ಕೋರ್ಟಿನ್ಯಾಗಿನವ್ರಿಗೂ ಅವ್ವ ಇರ್ತಾಳಲ್ಲ. ಅವ್ರಿಗೆ ತಿಳೀತೈತಿ."

ಕೇಸು ಕುಂಟುತ್ತ ನಡೆಯಿತು. ಇವತ್ತು ಅವನಿಗೆ ಶೂಟಿಂಗ್, ನಾಳೆ ವಕೀಲರಿಗೆ ಆರಾಮಿಲ್ಲ. ನಾವು ಮಾತ್ರ ಪ್ರತಿ ತಾರೀಖಿಗೂ ಹೋಗಿ ವರಾಂಡದ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆವು. ಅವ್ವ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಅಷ್ಟರಲ್ಲಿ ಅವನ ಹೆಂಡತಿ ಹಡೆದಳು, ಗಂಡು ಕೂಸು. ಅದೂ ಪೇಪರಿನಲ್ಲಿ ಬಂತು. ಅವ್ವ ಓದಿಸಿಕೊಂಡು, "ಬಾಣಂತಿ ಆರಾಮ ಅದಾಳಂತೇನು?" ಎಂದು ಕೇಳಿದಳು. ನನಗೆ ಮೈ ಉರಿದುಹೋಯಿತು. ಇಂಥ ತಾಯಿಯ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ ಎಂದು ಎಷ್ಟೋ ಸಲ ಅನಿಸಿದೆ.

ಕಬ್ಬಿನ ಹಾಲಿನವನು ಗಟ್ಟಿಯಾಗಿ ಸಾಕ್ಷಿ ಹೇಳಿದ, ಅವನ ಹೊಟ್ಟೆ ತಣ್ಣಗಿರಲಿ. ಅದರ ಬಲದಿಂದ ತಪ್ಪು ನಟನದೇ ಎಂದು ತೀರ್ಮಾನವಾಯಿತು. ಆದರೆ ಕುಡಿದಿದ್ದ ಎನ್ನುವುದು ನಿಲ್ಲಲಿಲ್ಲ, ಮರುದಿನದ ರಕ್ತ ಅವನ ಪರವಾಗಿತ್ತು. ಬರೀ ಅಜಾಗರೂಕತೆ ಎಂದಾಯಿತು. ಇನ್ನು ಉಳಿದದ್ದು ಶಿಕ್ಷೆ ಎಷ್ಟು ಎನ್ನುವುದು. ಒಳಗೆ ಹೋಗುವುದಂತೂ ಖರೇ ಎಂದು ಸರಕಾರಿ ವಕೀಲರು ಹೇಳಿದ್ದರು. ಶಿಕ್ಷೆ ಹೇಳುವ ದಿನ ನಾವು ಎಲ್ಲರೂ ಹೋದೆವು. ತಮ್ಮನ ಹೆಂಡತಿಯೂ ಮೊದಲ ಸಲ ಬಂದಳು.

ಅವನ ಪರ ನಿಂತಿದ್ದ ವಕೀಲ ಇಲ್ಲಿಯವನೇ, ನಮ್ಮಂತೆಯೇ ಮಾತಾಡುವವನು. ಚಿಕ್ಕ ಕೂಸು ಇದೆ ಎಂದ, ಇವನನ್ನೇ ನಂಬಿಕೊಂಡು ಧಾರಾವಾಹಿಯಲ್ಲಿ ದುಡಿಯುವವರ ಹೊಟ್ಟೆಪಾಡಿದೆ ಎಂದ, ದಾನಧರ್ಮ ಮಾಡಿದವನು ಎಂದ. ಕೊನೆಗೆ ಆ ಫೋಟೊ ಎತ್ತಿ ಹಿಡಿದ. ಸತ್ತವನ ತಾಯಿಯೇ ಕ್ಷಮಿಸಿ, ಮನೆಮಗಳಂತೆ ಉಡಿ ತುಂಬಿ ಕಳಿಸಿದ್ದಾರೆ, ಇದಕ್ಕಿಂತ ಹೆಚ್ಚಿನದು ಏನು ಬೇಕು ಎಂದ.

ಅವ್ವ ಹಿಂದಿನ ಬೆಂಚಿನಿಂದ ಎದ್ದು ನಿಂತಳು. "ಸಾಹೇಬ್ರ, ನಾ ಒಂದ ಮಾತ ಹೇಳಬೇಕ್ರಿ" ಎಂದಳು. ಪೇದೆ ಕೂಡಿಸಲು ಬಂದ, ನ್ಯಾಯಾಧೀಶರು ಬೇಡವೆಂದು ಕೈ ಮಾಡಿ ಅವಳನ್ನು ಮುಂದೆ ಕರೆದರು. ಮರ್ಯಾದೆಯಿಂದಲೇ ಕರೆದರು. ಅವ್ವ ಸೆರಗು ಹೊದ್ದುಕೊಂಡು ಹೋಗಿ ನಿಂತು ಹೇಳಿದಳು: "ನಾ ಉಡಿ ತುಂಬಿದ್ದು ಬಸುರಿ ಅದಾಳಂತ್ರಿ. ಅಂವನ್ನ ಬಿಡ್ರಿ ಅಂತಲ್ರಿ. ನನ್ನ ಮಗನ್ನ ಕೊಂದಾನ, ಅಂವ ಒಳಗ ಹೋಗಬೇಕ್ರಿ."

ಗೆದ್ದೆವು ಅಂದುಕೊಂಡೆ. ಅವನ ವಕೀಲ ಅಪ್ಪಣೆ ಕೇಳಿಕೊಂಡು ಅವ್ವನ ಹತ್ತಿರ ಬಂದ. ದನಿ ಬಹಳ ಮೆತ್ತಗಿತ್ತು. "ಅವ್ವಾರ, ನಮ್ಮವ್ವನೂ ನಿಮ್ಮಂಗಽ ಉಡಿ ತುಂಬತಾಳ್ರಿ. ಯಾರರೆ ಜುಲಮಿ ಮಾಡಿದ್ರೇನ್ರಿ ನಿಮಗ, ತುಂಬ್ರಿ ಅಂತ?"

"ಇಲ್ರಿ. ನಾನಽ ತುಂಬಿದೆ."

"ಮತ್ತ ಉಡಿ ತುಂಬುವಾಗ ನಿಮ್ಮ ಮನಸಿನ್ಯಾಗ ಇವ್ರ ಮ್ಯಾಲ ಸಿಟ್ಟಿತ್ತೇನ್ರಿ?"

ಇತ್ತು ಎನ್ನು, ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇತ್ತು ಎಂದುಬಿಡು ಯವ್ವಾ, ಒಂದು ಮಾತು. ಅವ್ವ ಅವನನ್ನೇ ನೋಡಿದಳು, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

"ಸಿಟ್ಟ ಇಟಗೊಂಡ ಉಡಿ ತುಂಬತಾರೇನ್ರಿ ಯಾರರೆ? ಕೂಸಿಗೆ ಹತ್ತತೈತಿ. ಮನಸ್ಸ ತೊಳಕೊಂಡಽ ತುಂಬಬೇಕ್ರಿ."

"ಅಷ್ಟಽ ಸಾಕ್ರಿ ಅವ್ವಾರ" ಎಂದು ಅವನು ಕೈ ಮುಗಿದ. ಅವನ ತಾಯಿ ಅವನಿಗೆ ಕಲಿಸಿದ್ದನ್ನೇ ಅವನು ನಮ್ಮ ಮೇಲೆ ತಿರುಗಿಸಿದ್ದ. ಬೇರೆ ಊರಿನ ವಕೀಲನಾಗಿದ್ದರೆ ಆ ಪ್ರಶ್ನೆ ಅವನಿಗೆ ಹೊಳೆಯುತ್ತಲೇ ಇರಲಿಲ್ಲ.

ಊಟದ ಬಿಡುವಿಗೆ ಮುಂಚೆ ಶಿಕ್ಷೆ ಹೇಳಿದರು. ದಂಡ, ಪರಿಹಾರ, ಆಮೇಲೆ ಕೋರ್ಟು ಏಳುವ ತನಕ ಸೆರೆ. ಕೋರ್ಟು ಏಳುವ ತನಕ ಎಂದರೆ ಏನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸರಕಾರಿ ವಕೀಲರು ಬಂದು ಬಿಡಿಸಿ ಹೇಳಿದರು, ಇವತ್ತಿನ ಕೆಲಸ ಮುಗಿದು ನ್ಯಾಯಾಧೀಶರು ಕುರ್ಚಿಯಿಂದ ಏಳುವವರೆಗೆ ಅವನು ಈ ಹಾಲಿನಲ್ಲೇ ಕೂಡಬೇಕು, ಎದ್ದ ಮೇಲೆ ಮನೆಗೆ ಹೋಗಬಹುದು. ನಾನು ಜಗಳಕ್ಕೆ ನಿಂತವಳಂತೆ, "ಟೆಂಪೊ ಡ್ರೈವರಗೂ ಹಿಂಗಽ ಕುರ್ಚಿ ಹಾಕಿ ಕೂಡಿಸಿದ್ರೇನ್ರಿ?" ಎಂದು ಕೇಳಿದೆ. ಅವರೇನು ಮಾಡಿಯಾರು, ಫೈಲು ಕಟ್ಟತೊಡಗಿದರು.

ಅವನು ಗೋಡೆಯ ಹತ್ತಿರದ ಬೆಂಚಿನ ಮೇಲೆ ಕೂತ. ಅವ್ವ ಈ ಕಡೆಯ ಬೆಂಚಿನ ಮೇಲೆ. ಮನೆಗೆ ಹೋಗೋಣ ಎಂದರೆ ಏಳಲಿಲ್ಲ. ಬುತ್ತಿ ಬಿಚ್ಚಲಿಲ್ಲ. ಫ್ಯಾನಿನ ಕೆಳಗೆ ಬೇರೆಯವರ ಕೇಸುಗಳು ನಡೆದವು, ಹೊಲದ ಬದುವಿನದು, ಚೆಕ್ಕಿನದು. ಅವನು ಒಂದೆರಡು ಸಲ ಆಕಳಿಸಿದ. ಅವನಷ್ಟೇ ಹೊತ್ತು ಅವ್ವನೂ ಕೂತಳು. ನ್ಯಾಯಾಧೀಶರು ಎದ್ದರು, ಎಲ್ಲರೂ ಎದ್ದೆವು, ಅವನು ಹೊರಗೆ ಹೋದ. ಹೊರಗೆ ಹುಡುಗರು ಸಿಳ್ಳೆ ಹೊಡೆದದ್ದು ಒಳಗಿನವರೆಗೂ ಕೇಳಿಸಿತು.

ವರಾಂಡದಲ್ಲಿ ಅವ್ವ ಸರಕಾರಿ ವಕೀಲರನ್ನು ತಡೆದಳು. "ಇಷ್ಟ ಸಣ್ಣ ಶಿಕ್ಷಾ ಯಾಕಾತ್ರಿ ಸಾಹೇಬ್ರ?"

"ಭಾಳ ಕಾರಣಾ ಹೇಳ್ಯಾರ್ರಿ ಅವ್ವಾರ" ಎಂದರು ಅವರು. ನಾನು ಅವ್ವನ ಹಿಂದೆ ನಿಂತು ಬೇಡ ಬೇಡ ಎಂದು ತಲೆ ಆಡಿಸಿದೆ.

"ನಾ ಹೇಳಿದ್ದೂ ಅದರಾಗ ಐತೇನ್ರಿ?"

ಅವರು ಒಳ್ಳೆಯವರು, ಸುಳ್ಳು ಹೇಳಲು ಬರಲಿಲ್ಲ. "ಐತ್ರಿ. ಅದನ್ನಽ ಮದಲ ಹೇಳ್ಯಾರ" ಎಂದರು.

ಅವ್ವ ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ತಮ್ಮನ ಹೆಂಡತಿಯ ಹತ್ತಿರ ಹೋದಳು. ನಮ್ಮ ಕಡೆ ಅತ್ತೆ ಸೊಸೆಗೆ ಕೈ ಮುಗಿಯುವುದನ್ನು ನಾನು ಕಂಡಿರಲಿಲ್ಲ. ಅವ್ವ ಎರಡೂ ಕೈ ಜೋಡಿಸಿದಳು. "ನಿನ್ನ ಗಂಡನ್ನ ಕೊಂದಾವನ್ನ ನಾನಽ ಬಿಡಿಸಿ ಕಳಿಸಿದ್ನೆವಾ" ಎಂದಳು. "ತಪ್ಪಾತು. ನನ್ನ ಕಡಿಂದ ತಪ್ಪಾತು."

ಸೊಸೆ ಆ ಕೈಗಳನ್ನು ಹಿಡಿದು ಬಿಡಿಸಲು ನೋಡಿದಳು. ಬಿಡಿಸಲಾಗಲಿಲ್ಲ. ಠಾಣೆ, ಆಸ್ಪತ್ರೆ, ಕೋರ್ಟು ಎಂದು ಅಷ್ಟು ದಿನ ಓಡಾಡಿದ್ದೆ, ಅಷ್ಟು ಮಂದಿಯ ಮಾತು ಕೇಳಿದ್ದೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದವಳು ನಮ್ಮ ಅವ್ವ ಒಬ್ಬಳೇ.